ಮೇಜಿನ ಖಾನೆಯಲ್ಲಿದ್ದ ಕ್ರೋಶಾ ಕಡ್ಡಿ



ಕಳೆದ ತಿಂಗಳು ಬಂಗಾರಪೇಟೆಯಲ್ಲಿ ನಮ್ಮ ನೆಂಟರೊಬ್ಬರ ಮನೆಯ ನಾಮಕರಣಕ್ಕೆ ಹೋಗಿದ್ದೆ. ತೊಟ್ಟಿಲ ಕೂಸಿಗೆಂದು ನಾನೇ ಹೆಣೆದ ಹಳದಿ ಬಣ್ಣದ ಕುಲಾವಿಯೊಂದನ್ನು ಒಯ್ದಿದ್ದೆ. ನನ್ನ ತಂಗಿಯ ಮಗಳು ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, “ದೊಡ್ಡಮ್ಮ, ಇದನ್ನ ಆನ್‌ಲೈನಲ್ಲಿ ಮಾರಿದ್ರೆ ಒಂದಕ್ಕೆ ಐನೂರು ರೂಪಾಯಿ ಬರುತ್ತೆ. ಫೋಟೋ ತೆಗೆದು ಹಾಕ್ಲಾ?” ಎಂದಳು. ಪಕ್ಕದಲ್ಲೇ ಕುಳಿತಿದ್ದ ನನ್ನ ಓರಗಿತ್ತಿ, “ಅಂಗಡೀಲಿ ನೂರು ರೂಪಾಯಿಗೆ ಸಿಗೋದಕ್ಕೆ ಹದಿನೈದು ದಿನ ಕಣ್ಣು ಕೆಡಿಸ್ಕೊಂಡ್ಯಲ್ಲೇ!” ಎಂದರು. ಒಬ್ಬರದು ಮೆಚ್ಚುಗೆ, ಇನ್ನೊಬ್ಬರದು ಕನಿಕರ. ಎರಡೂ ಪ್ರೀತಿಯ ಮಾತುಗಳೇ. ಆದರೆ ಇಬ್ಬರೂ ಕುಲಾವಿಯನ್ನು ತೂಗಿದ್ದು ಮಾತ್ರ ರೂಪಾಯಿಯ ತಕ್ಕಡಿಯಲ್ಲಿ.

ಅಲ್ಲಿ ನಾನು ನಕ್ಕು ಸುಮ್ಮನಾದೆ. ಊಟದ ಪಂಕ್ತಿಯಲ್ಲಿ ಕುಳಿತು ವಾದಿಸುವ ವಿಷಯ ಅದಾಗಿರಲಿಲ್ಲ. ಆದರೆ ಮರಿಕುಪ್ಪಂ ರೈಲು ಹತ್ತಿ ಮನೆಗೆ ಹಿಂದಿರುಗುವಾಗ ಆ ಎರಡು ಮಾತುಗಳೇ ಕಿವಿಯಲ್ಲಿ ಉಳಿದಿದ್ದವು. ಕ್ರೋಶಾ ಹೆಣಿಗೆ, ಕೈ ಕಸೂತಿ ಮೊದಲಾದವು ಮನಸ್ಸಿಗೂ ಆರೋಗ್ಯಕ್ಕೂ ಒಳ್ಳೆಯ ಹವ್ಯಾಸಗಳು ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಯಾವ ಷರತ್ತಿನ ಮೇಲೆ ಒಳ್ಳೆಯವು ಎಂಬುದನ್ನು ಯಾರೂ ಹೇಳುವುದಿಲ್ಲ. ಅದನ್ನು ನಾನು ಕಲಿತದ್ದು ಬಹಳ ತಡವಾಗಿ, ನನ್ನದೇ ಒಂದು ತಪ್ಪಿನಿಂದ. ಅದನ್ನು ಬರೆಯುವುದಕ್ಕಾಗಿಯೇ ಇಂದು ಕುಳಿತಿದ್ದೇನೆ.

ನಿಮ್ಮಲ್ಲಿ ಅನೇಕರಿಗೆ ತಿಳಿದಿರುವಂತೆ ನಾನು ಹುಟ್ಟಿ ಬೆಳೆದದ್ದು ಆಂಡರ್ಸನ್‌ಪೇಟೆಯಲ್ಲಿ. ನಮ್ಮ ತಂದೆ ಗಣಿಯ ನೌಕರರಲ್ಲ, ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಆದರೆ ನಮ್ಮ ಸಾಲಿನ ಹೆಚ್ಚಿನ ಮನೆಗಳು ಚಾಂಪಿಯನ್ ರೀಫ್ ಗಣಿಯ ಸೈರನ್ನಿಗೆ ಏಳುತ್ತ, ಸೈರನ್ನಿಗೆ ಉಣ್ಣುತ್ತ ಇದ್ದ ಮನೆಗಳು. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಲ್ಲುತ್ತಿದ್ದ ಕಾಲ. ನಮ್ಮ ಪಕ್ಕದ ಮನೆಯಲ್ಲಿ ತಮಿಳು ಮಾತಾಡುವ ಕುಟುಂಬವಿತ್ತು. ಆ ಮನೆಯ ಯಜಮಾನರು ಭೂಮಿಯ ಒಳಗೆ ದುಡಿಯುವವರು. ಚಾಂಪಿಯನ್ ರೀಫ್ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. ಅದರ ಆಳ ಮೂರು ಕಿಲೋಮೀಟರಿಗೂ ಹೆಚ್ಚು ಎಂದು ಪಾಠ ಮಾಡುವಾಗ ನಿಮಗೆಲ್ಲ ಹೇಳುತ್ತಿದ್ದೆನಲ್ಲವೇ? ಅಷ್ಟು ಆಳದಲ್ಲಿ ಮೇಲಿನ ಭಾರಕ್ಕೆ ಬಂಡೆ ಒಮ್ಮೊಮ್ಮೆ ತಾನಾಗಿ ಸಿಡಿಯುತ್ತಿತ್ತು. ಅದಕ್ಕೆ ಊರಿನವರೆಲ್ಲ ‘ರಾಕ್ ಬರ್ಸ್ಟ್’ ಎಂದೇ ಹೇಳುತ್ತಿದ್ದರು. ಒಳಗೆ ಸಿಡಿದರೆ ಮೇಲೆ ನಮ್ಮ ಗೂಡಿನ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಆ ಸದ್ದು ಕೇಳಿದೊಡನೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಯಾರ ಮನೆಯವರು ಯಾವ ಪಾಳಿಯಲ್ಲಿದ್ದಾರೆ ಎಂಬ ಲೆಕ್ಕ ಮನಸ್ಸಿನಲ್ಲೇ ಓಡುತ್ತಿತ್ತು.

ಪಕ್ಕದ ಮನೆಯ ಅಕ್ಕನ ಕೈಯಲ್ಲಿ ಆ ಹೊತ್ತಿಗೆ ತಪ್ಪದೆ ಒಂದು ಕ್ರೋಶಾ ಕಡ್ಡಿ ಇರುತ್ತಿತ್ತು. ಗಣಿಯ ಬಡಾವಣೆಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬಹಳ ಇದ್ದವು. ಕನ್ಯಾಸ್ತ್ರೀಯರು ನಡೆಸುವ ಶಾಲೆಗಳೂ ಇದ್ದವು. ಅಕ್ಕ ಹುಡುಗಿಯಾಗಿದ್ದಾಗ ಅಂಥ ಒಂದು ಶಾಲೆಯಲ್ಲಿ ಈ ಹೆಣಿಗೆಯನ್ನು ಕಲಿತಿದ್ದರಂತೆ. ರೇಡಿಯೋ ಮೇಲಿನ ಹೊದಿಕೆ, ದಿಂಬಿನ ಗಲೀಫಿನ ಅಂಚು, ಬಾಗಿಲಿನ ತೋರಣ, ನಮ್ಮಂಥ ಮಕ್ಕಳ ಲಂಗದ ಲೇಸು, ಎಲ್ಲವೂ ಆ ಒಂದು ಕಡ್ಡಿಯಿಂದಲೇ. ರಾತ್ರಿ ಪಾಳಿಯಿದ್ದ ದಿನ ಅವರು ಜಗಲಿಯ ದೀಪದ ಕೆಳಗೆ ಕುಳಿತು ಹೆಣೆಯುವರು. ತುಟಿ ಅಲುಗುತ್ತಿರುತ್ತಿತ್ತು. ಜಪ ಮಾಡುತ್ತಾರೇನೋ ಎಂದು ನಾನು ತಿಳಿದಿದ್ದೆ. ಒಮ್ಮೆ ಹತ್ತಿರ ಹೋಗಿ ಕೇಳಿಸಿಕೊಂಡರೆ ಅದು ಎಣಿಕೆ! ಒಂದು, ಎರಡು, ಮೂರು... ಪಾತ್ರೆಗಳು ಗಲಗಲ ಎಂದ ಒಂದು ರಾತ್ರಿಯೂ ಅವರ ಕಡ್ಡಿ ನಿಲ್ಲಲಿಲ್ಲ. “ನಿಂತ್ರೆ ಕೈ ನಡುಗುತ್ತೆ ಕಣಮ್ಮ” ಎಂದರು, ನಮ್ಮ ಕನ್ನಡದಲ್ಲೇ. ಆ ದಿನ ಅವರ ಯಜಮಾನರು ಸುಖವಾಗಿ ಮನೆಗೆ ಬಂದರು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಆಗಬೇಕಾದ ವಯಸ್ಸೂ ಅದಲ್ಲ.

ನಮ್ಮ ತಾಯಿಯೂ ಅವರಿಂದ ಕಲಿತರು. ನನಗೂ ಕಲಿಸಲು ಇಬ್ಬರೂ ಪ್ರಯತ್ನಿಸಿದರು. ನಾನು ಒಲ್ಲೆ ಎಂದೆ. ಹೆಣಿಗೆ, ಕಸೂತಿ ಎಂದರೆ ಮದುವೆಯ ತನಕ ಕಾಲ ಕಳೆಯುವ ಹೆಣ್ಣುಮಕ್ಕಳ ಕೆಲಸ, ಓದುವ ಹುಡುಗಿಗೆ ಅದೇಕೆ ಎಂಬ ಬಿಗುಮಾನ. ಹೆಣ್ಣು ನೋಡಲು ಬಂದವರೆದುರು ‘ಸ್ವಾಗತ’ ಎಂದು ಕಸೂತಿ ಹಾಕಿದ ಫ್ರೇಮನ್ನು ತಂದು ತೋರಿಸುತ್ತಿದ್ದ ಕಾಲವಲ್ಲವೇ ಅದು! ನನ್ನ ಬಿಗುಮಾನಕ್ಕೆ ಕಾರಣವಿರಲಿಲ್ಲ ಎಂದು ಇಂದಿಗೂ ಹೇಳಲಾರೆ. ಗಣಿತದಲ್ಲಿ ಪದವಿ ಪಡೆದೆ, ಬಿ.ಎಡ್. ಮಾಡಿದೆ, ಪ್ರೌಢಶಾಲೆಯ ಶಿಕ್ಷಕಿಯಾದೆ. ಕಡ್ಡಿ ಹಿಡಿಯಲೇ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2001ರ ಫೆಬ್ರವರಿ 28ರಂದು ನಮ್ಮ ಗಣಿಗಳು ಮುಚ್ಚಿದವು. 1880ರ ದಶಕದಿಂದ ಎಡೆಬಿಡದೆ ನಡೆದಿದ್ದ ಊರಿನ ಉಸಿರು ನಿಂತಂತಾಯಿತು. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಬಂದಿದ್ದ ಊರಿನಲ್ಲಿ ಎಷ್ಟೋ ಮನೆಗಳ ಒಲೆ ತಣ್ಣಗಾಯಿತು. ಆ ವರ್ಷ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಗೆ ಬೀಜಗಣಿತ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಡೆಸ್ಕಿನ ಕೆಳಗೆ ಏನೋ ಮಾಡುತ್ತಿದ್ದುದು ಕಣ್ಣಿಗೆ ಬಿತ್ತು. ಹೋಗಿ ನೋಡಿದರೆ ಕ್ರೋಶಾ ಕಡ್ಡಿ, ಬಿಳಿ ದಾರ, ಅರ್ಧ ಹೆಣೆದ ಗೇಣುದ್ದದ ಲೇಸು. “ಮನೆಯಲ್ಲಿ ಮಾಡುವ ಹವ್ಯಾಸವನ್ನು ಕ್ಲಾಸಿಗೆ ತರುತ್ತೀಯಾ? ಎಸ್.ಎಸ್.ಎಲ್.ಸಿ.ಯಲ್ಲಿ ಲೇಸು ಬರೆಯುತ್ತೀಯಾ?” ಎಂದು ಎಲ್ಲರೆದುರು ಕೇಳಿ, ಅದನ್ನು ಕಿತ್ತುಕೊಂಡು ನನ್ನ ಮೇಜಿನ ಖಾನೆಗೆ ಹಾಕಿದೆ. ತರಗತಿ ನಕ್ಕಿತು. ಅವಳು ನಗಲಿಲ್ಲ, ಅಳಲೂ ಇಲ್ಲ. ಸಂಜೆ ಕೇಳಲು ಬಂದರೆ ಕೊಟ್ಟುಬಿಡೋಣ ಎಂದುಕೊಂಡಿದ್ದೆ. ಅವಳು ಬರಲಿಲ್ಲ. ನಾನು ಮರೆತೆ.

ನಾನು ನಿವೃತ್ತಳಾದದ್ದು 2020ರ ಮೇ ತಿಂಗಳಿನಲ್ಲಿ. ಲಾಕ್‌ಡೌನಿನ ಕಾಲ. ಬೀಳ್ಕೊಡುಗೆ ಇಲ್ಲ, ಹಾರವಿಲ್ಲ, ಭಾಷಣವಿಲ್ಲ. ಬೀಗ ತೆಗೆಸಿಕೊಂಡು ಖಾಲಿ ಶಾಲೆಗೆ ಹೋಗಿ ನನ್ನ ಮೇಜನ್ನು ತೆರವು ಮಾಡಿದೆ. ಖಾನೆಯ ಮೂಲೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಯೊಂದರಲ್ಲಿ ಸುತ್ತಿದ ಆ ಕಡ್ಡಿಯೂ ಹಳದಿಗಟ್ಟಿದ ಆ ಲೇಸೂ ಸಿಕ್ಕವು. ಎಸೆಯಲು ಮನಸ್ಸಾಗದೆ ಚೀಲಕ್ಕೆ ಹಾಕಿಕೊಂಡೆ. ಮರುವರ್ಷ ನಮ್ಮ ಯಜಮಾನರು ತೀರಿಕೊಂಡರು. ಅದನ್ನು ಇಲ್ಲಿ ವಿವರಿಸಲಾರೆ. ರಾತ್ರಿಗಳು ಉದ್ದವಾದವು ಎಂದಷ್ಟೇ ಹೇಳುತ್ತೇನೆ. ಓದಲು ಕುಳಿತರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಟಿ.ವಿ. ಹಾಕಿದರೆ ಸಾವಿನ ಸುದ್ದಿ. ಒಂದು ರಾತ್ರಿ ಆ ಕಡ್ಡಿಯನ್ನು ಹೊರತೆಗೆದೆ. ಬಾಲ್ಯದಲ್ಲಿ ಅಕ್ಕನ ಕೈ ಹೇಗೆ ಓಡುತ್ತಿತ್ತು ಎಂದು ನೆನಪು ಮಾಡಿಕೊಂಡು ಸರಪಳಿ ಹಾಕಲು ಹೊರಟೆ. ಹತ್ತು ಕುಣಿಕೆಗೆ ಹತ್ತು ಅಳತೆ! ಬಿಚ್ಚಿದೆ, ಮತ್ತೆ ಹಾಕಿದೆ. ಬಿಚ್ಚಿದೆ, ಮತ್ತೆ ಹಾಕಿದೆ. ಗಡಿಯಾರ ನೋಡಿದಾಗ ಒಂದೂವರೆ ಗಂಟೆ ಕಳೆದಿತ್ತು. ಬಹಳ ದಿನಗಳ ನಂತರ ನನ್ನನ್ನು ನಾನು ಮರೆತಿದ್ದ ಒಂದೂವರೆ ಗಂಟೆ ಅದು. “ನಿಂತ್ರೆ ಕೈ ನಡುಗುತ್ತೆ” ಎಂಬ ಮಾತಿನ ಅರ್ಥ ಆ ರಾತ್ರಿ ಆಯಿತು.

ಹೀಗೇಕೆ ಆಗುತ್ತದೆ? ಶಿಕ್ಷಕಿಯಾಗಿ ನನಗೆ ತೋಚಿದ್ದನ್ನು ಹೇಳುತ್ತೇನೆ. ಮೊದಲನೆಯದಾಗಿ, ಎರಡು ಕೈಗಳಿಗೂ ಬೇರೆ ಬೇರೆ ಕೆಲಸವಿದೆ. ಎಡಗೈ ದಾರದ ಬಿಗಿ ನೋಡಿಕೊಳ್ಳಬೇಕು, ಬಲಗೈ ಕಡ್ಡಿ ಆಡಿಸಬೇಕು, ಮನಸ್ಸು ಎಣಿಸಬೇಕು. ಮೂರೂ ಕೂಡಿದಾಗ ಚಿಂತೆಗೆ ಕೂರಲು ಜಾಗ ಉಳಿಯುವುದಿಲ್ಲ. ಎರಡನೆಯದಾಗಿ, ಕ್ರೋಶಾದಲ್ಲಿ ತಪ್ಪಿಗೆ ಶಿಕ್ಷೆಯಿಲ್ಲ. ದಾರ ಎಳೆದರೆ ತಪ್ಪಿದ ಜಾಗದ ತನಕ ಬಿಚ್ಚಿಕೊಳ್ಳುತ್ತದೆ, ಅದೇ ದಾರದಿಂದ ಮತ್ತೆ ಹೆಣೆಯಬಹುದು. ಬದುಕಿನಲ್ಲಿ ಹಾಗೆ ಬಿಚ್ಚಿ ಹೆಣೆಯಲು ಬರುವಂಥದ್ದು ಎಷ್ಟಿದೆ ಹೇಳಿ? ಕೆಂಪು ಶಾಯಿಯಿಂದ ಮೂವತ್ತೈದು ವರ್ಷ ತಪ್ಪು ಗುರುತಿಸಿದ ನನಗೆ ಇದು ಹೊಸ ಪಾಠವಾಗಿತ್ತು. ಮೂರನೆಯದಾಗಿ, ಹೊತ್ತು ಕಳೆದದ್ದು ಕಣ್ಣಿಗೆ ಕಾಣುತ್ತದೆ. ಮಲಗುವ ಮುನ್ನ ನಾಲ್ಕು ಬೆರಳಿನಷ್ಟು ಅಗಲ ಬೆಳೆದಿರುತ್ತದೆ.

ಗಣಿತದವರಿಗಂತೂ ಇದರಲ್ಲಿ ಹಬ್ಬವೇ ಇದೆ. ಕುಲಾವಿಯ ನೆತ್ತಿಯನ್ನು ಹೆಣೆಯುವಾಗ ನಡುವೆ 6 ಕುಣಿಕೆಗಳಿಂದ ಆರಂಭಿಸಿ, ಪ್ರತಿ ಸುತ್ತಿಗೂ 6 ಕುಣಿಕೆಗಳನ್ನು ಹೆಚ್ಚಿಸುತ್ತ ಹೋಗಬೇಕು. 6, 12, 18, 24... ನಿಮಗೆ ಕಲಿಸಿದ ಸಮಾಂತರ ಶ್ರೇಢಿಯೇ! ತ್ರಿಜ್ಯವು ಒಂದು ಸುತ್ತಿನಷ್ಟು ಹೆಚ್ಚಿದಾಗಲೆಲ್ಲ ಪರಿಧಿಯು ಅದರ ಆರೂಕಾಲು ಪಟ್ಟಿನಷ್ಟು, ಅಂದರೆ ಎರಡು ‘ಪೈ’ಯಷ್ಟು ಹೆಚ್ಚಬೇಕಲ್ಲವೇ? ಈ ಹೆಣಿಗೆಯಲ್ಲಿ ಕುಣಿಕೆಯ ಅಗಲ ಎತ್ತರಗಳು ಹೆಚ್ಚುಕಡಿಮೆ ಸಮನಾದುದರಿಂದ ಆರರ ಲೆಕ್ಕ ಕೂಡಿಬರುತ್ತದೆ, ವೃತ್ತ ಚಪ್ಪಟೆಯಾಗಿ ಕೂರುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಅಂಚು ಕೆಳಗಿಳಿದು ಟೋಪಿಯಾಗುತ್ತದೆ. ಮಿತಿಮೀರಿ ಹೆಚ್ಚಿಸಿದರೆ ಕೋಳಿಜುಟ್ಟಿನ ಹೂವಿನಂತೆ ನೆರಿಗೆ ನೆರಿಗೆಯಾಗುತ್ತದೆ. ಈ ನೆರಿಗೆಯೂ ವ್ಯರ್ಥವಲ್ಲ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ಡೈನಾ ಟೈಮಿನಾ ಅವರು, ಯೂಕ್ಲಿಡನ ರೇಖಾಗಣಿತಕ್ಕೆ ಒಗ್ಗದ ಹೈಪರ್ಬಾಲಿಕ್ ಸಮತಲವನ್ನು ಹೀಗೆಯೇ ಕ್ರೋಶಾದಿಂದ ಹೆಣೆದು, ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡುವಂತೆ ಮಾಡಿದರು. ಅಂದು ಆ ಹುಡುಗಿಯ ಕೈಯಿಂದ ಕಡ್ಡಿ ಕಿತ್ತುಕೊಳ್ಳುವ ಬದಲು ಕಪ್ಪುಹಲಗೆಯ ಬಳಿಗೆ ಕರೆದು, “ಎಷ್ಟು ಕುಣಿಕೆಗೆ ಎಷ್ಟು ಉದ್ದ ಬರುತ್ತದೆ, ಲೆಕ್ಕ ಹೇಳು” ಎಂದಿದ್ದರೆ! ಎಂಥ ಪಾಠವಾಗುತ್ತಿತ್ತು.

ಇದಕ್ಕೆ ಶಾಸ್ತ್ರೀಯ ಆಧಾರವೇನಾದರೂ ಇದೆಯೇ ಎಂದು ನಿಮ್ಮಲ್ಲಿ ವಿಜ್ಞಾನ ಓದಿದವರು ಕೇಳಬಹುದು. ಆಸ್ಟ್ರೇಲಿಯಾದ ವುಲ್ಲಂಗಾಂಗ್ ವಿಶ್ವವಿದ್ಯಾಲಯದ ಪಿಪ್ಪಾ ಬರ್ನ್ಸ್ ಮತ್ತು ರೋಸ್‌ಮೇರಿ ವ್ಯಾನ್ ಡೆರ್ ಮೀರ್ ಎಂಬವರು ಕ್ರೋಶಾ ಹೆಣೆಯುವ 8,391 ಜನರನ್ನು ಪ್ರಶ್ನಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಣಿಗೆಯಿಂದ ಮನಸ್ಸು ಶಾಂತವಾಗುತ್ತದೆ ಎಂದರು, ಎಂಟು ಮಂದಿ ಸಂತೋಷವಾಗುತ್ತದೆ ಎಂದರು. ಓದಿ ನನಗೆ ಹಿಗ್ಗಾಯಿತು. ಆದರೆ ನಿಮಗೆ ನ್ಯಾಯವಾಗಿ ಪಾಠ ಹೇಳಿದವಳು ಇಲ್ಲೂ ನ್ಯಾಯವಾಗಿಯೇ ಹೇಳಬೇಕು. ಈ ಪ್ರಶ್ನೆ ಕೇಳಿದ್ದು ಆಗಲೇ ಹೆಣಿಗೆಯನ್ನು ಪ್ರೀತಿಸುವವರನ್ನು. ದೇವಸ್ಥಾನದ ಬಾಗಿಲಲ್ಲಿ ನಿಂತು ಪ್ರಸಾದ ರುಚಿಯಾಗಿದೆಯೇ ಎಂದು ಭಕ್ತರನ್ನು ಕೇಳಿದಂತೆ! ಹಿಡಿಸದೆ ಬಿಟ್ಟವರ ಲೆಕ್ಕ ಅದರಲ್ಲಿಲ್ಲ. ಆದುದರಿಂದ ಇದು ಸರ್ವರೋಗಕ್ಕೂ ಮದ್ದು ಎಂದು ನಾನು ಹೇಳಲಾರೆ. ಖಿನ್ನತೆ ಆಳವಾಗಿದ್ದವರು ವೈದ್ಯರಲ್ಲಿಗೇ ಹೋಗಬೇಕು. ಕಡ್ಡಿ ಮಾತ್ರೆಯ ಜೊತೆಗಿರಲಿ, ಮಾತ್ರೆಯ ಬದಲಿಗೆ ಬೇಡ.

ಇನ್ನು ನನ್ನ ಷರತ್ತಿನ ಮಾತು. ನಮ್ಮ ಯಜಮಾನರು ತೀರಿಕೊಂಡ ಕೆಲವು ತಿಂಗಳ ನಂತರ ಆ ಹುಡುಗಿ ನನ್ನನ್ನು ಕಾಣಲು ಬಂದಳು. ಹುಡುಗಿ ಎನ್ನುವುದು ನನ್ನ ಬಾಯಿಯ ರೂಢಿ, ಅವಳೀಗ ಇಬ್ಬರು ಮಕ್ಕಳ ತಾಯಿ, ದಿನವೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ದುಡಿಯುವವಳು. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡವೆಂದಳು.) ಮೇಜಿನ ಮೇಲಿದ್ದ ಕಡ್ಡಿಯನ್ನು ನೋಡಿದವಳೇ ಗುರುತು ಹಿಡಿದಳು. ನಾನು ಕ್ಷಮೆ ಕೇಳಿದೆ. “ಅಯ್ಯೋ, ಬಿಡಿ ಟೀಚರ್” ಎಂದಳು. ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಹೇಳಿದಳು. “ಅದು ಹವ್ಯಾಸ ಅಲ್ಲ ಟೀಚರ್. ಅಪ್ಪನ ಕೆಲಸ ಹೋಗಿತ್ತಲ್ಲ. ಒಬ್ರು ಲೇಸಿಗೆ ದಾರ ಕೊಟ್ಟು ಹೋಗೋರು. ಗಜಕ್ಕೆ ಇಷ್ಟು ಅಂತ ಅಮ್ಮನಿಗೆ ಕೊಡೋರು. ಅವತ್ತು ಸಂಜೆ ಮುಗಿಸಿ ಕೊಡಬೇಕಿತ್ತು.” ಆ ಸಂಜೆ ಏನಾಯಿತು ಎಂದು ಕೇಳಿದೆ. ಕಡ್ಡಿ ಒಂದೇ ಇದ್ದುದರಿಂದ ಅಮ್ಮ ಪಕ್ಕದ ಮನೆಯಿಂದ ಕಡ ತಂದು ರಾತ್ರಿಯೆಲ್ಲ ಕುಳಿತರು, ಆದರೂ ತಡವಾಯಿತೆಂದು ದುಡ್ಡು ಹಿಡಿದರು ಎಂದಳು. ನಾನು ಹವ್ಯಾಸವೆಂದು ಹಂಗಿಸಿ ಕಿತ್ತುಕೊಂಡದ್ದು ಒಂದು ಮನೆಯ ರಾತ್ರಿಯ ಅನ್ನವಾಗಿತ್ತು.

ಅವಳು ಇನ್ನೊಂದು ಮಾತೂ ಹೇಳಿದಳು. “ಆರ್ಡರ್ ಲೇಸು ಹೆಣೆಯೋವಾಗ ಅಮ್ಮ ಸಿಡಿಸಿಡಿ ಅನ್ನೋರು. ಮಿಕ್ಕಿದ ತುಂಡು ದಾರದಲ್ಲಿ ತಮಗೇ ಅಂತ ಏನಾದ್ರೂ ಹೆಣೆಯೋವಾಗ ಹಾಡು ಹೇಳ್ತಾ ಇದ್ರು.” ಅದೇ ಕೈ, ಅದೇ ಕಡ್ಡಿ, ಅದೇ ಬಿಳಿ ದಾರ. ಒಂದು ಕಡೆ ಸಿಡುಕು, ಇನ್ನೊಂದು ಕಡೆ ಹಾಡು. ಹಾಗಾದರೆ ನೆಮ್ಮದಿ ಇರುವುದು ದಾರದಲ್ಲಿಯೂ ಅಲ್ಲ, ಕಡ್ಡಿಯಲ್ಲಿಯೂ ಅಲ್ಲ. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಆ ಬಿಡುವಿನಲ್ಲಿದೆ. ನನ್ನ ಷರತ್ತು ಇಷ್ಟೇ: ಹವ್ಯಾಸವು ಹವ್ಯಾಸವಾಗಿಯೇ ಉಳಿಯಲಿ, ದುಡಿಮೆಗೆ ದುಡಿಮೆಯ ಬೆಲೆ ಸಿಗಲಿ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೆಡಿಸಬಾರದು.

ಕೆಡಿಸಿದ ಉದಾಹರಣೆ ದೂರವಿಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ ಕ್ರೋಶಾ ಲೇಸಿಗೆ ಪ್ರಸಿದ್ಧ ಊರು (ನಮ್ಮ ಕೋಲಾರದ ನರಸಾಪುರವಲ್ಲ). ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಅಲ್ಲಿನ ಹೆಂಗಸರಿಗೆ ಈ ಹೆಣಿಗೆಯನ್ನು ಕಲಿಸಿದರು. ಲೇಸು ವಿದೇಶಗಳಿಗೆ ರಫ್ತಾಗತೊಡಗಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಅವರು ತೋರಿಸಿಕೊಟ್ಟದ್ದು ಇದು: ದಿನವಿಡೀ ದುಡಿಯುವ ಆ ಹೆಂಗಸರನ್ನು ವ್ಯಾಪಾರಿಗಳು ಕಾರ್ಮಿಕರೆಂದು ಎಣಿಸಲಿಲ್ಲ. ‘ಮನೆಯಲ್ಲಿ ಕುಳಿತ ಗೃಹಿಣಿಯರು ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸ’ ಎಂದು ಹೆಸರಿಟ್ಟು ಪುಡಿಗಾಸು ಕೊಟ್ಟರು. 2024ರಲ್ಲಿ ಆ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಸಂತೋಷ. ಆದರೆ ಮಾನ್ಯತೆ ಲೇಸಿಗೆ ಮಾತ್ರವಲ್ಲ, ಹೆಣೆದ ಬೆರಳಿಗೂ ತಲುಪಬೇಕು. ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರನ್ನು ನೋಡಿ. ಅದೂ ನಮ್ಮೂರಿನಂತೆ ಗಣಿಯ ಸೀಮೆ. ಅಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಲಂಬಾಣಿ ಹೆಣ್ಣುಮಕ್ಕಳು ತಮ್ಮ ಪರಂಪರೆಯ ಕಸೂತಿಯನ್ನೇ ವೃತ್ತಿಯಾಗಿ ಮಾಡಿಕೊಂಡು ದುಡಿಯುತ್ತಿದ್ದಾರೆ. ಅದು ಬಿಡುವಿನ ಕೆಲಸವಲ್ಲ, ಕಸುಬು. ಧಾರವಾಡದ ಕಸೂತಿಯೂ ಹಾಗೆಯೇ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಗಳಿಂದ, ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಅಚ್ಚು ಒತ್ತದೆ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುವ ಕೈಗೆ ಚೌಕಾಸಿ ಮಾಡುವ ಮುನ್ನ ನಾವು ನಾಲ್ಕು ಸಲ ಯೋಚಿಸಬೇಕು.

ಹಾಗಾದರೆ ತಂಗಿಯ ಮಗಳು ಹೇಳಿದಂತೆ ಮಾರುವುದು ತಪ್ಪೇ? ಅಲ್ಲ. ಅಗತ್ಯವಿದ್ದವರು ಮಾರಲಿ, ಗಂಟೆಗೆ ಇಷ್ಟೆಂದು ಲೆಕ್ಕ ಹಾಕಿ ಮಾರಲಿ. ಹದಿನೈದು ದಿನ, ದಿನಕ್ಕೊಂದು ಗಂಟೆ ಕೂತು ಹೆಣೆದ ಕುಲಾವಿಗೆ ಐನೂರು ರೂಪಾಯಿ ಎಂದರೆ ಗಂಟೆಗೆ ಮೂವತ್ತಮೂರು ರೂಪಾಯಿ, ದಾರದ ಖರ್ಚು ಬೇರೆ! ನನಗೆ ಪಿಂಚಣಿಯಿದೆ. ಹೊಟ್ಟೆಪಾಡಿಗೆ ಹೆಣೆಯುವವರ ಬೆಲೆಯನ್ನು ನನ್ನಂಥವರು ಅಗ್ಗಕ್ಕೆ ಮಾರಿ ಇಳಿಸಬಾರದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಸ್ವಾರ್ಥದ್ದು. ಇಂದು ಒಂದು ಆರ್ಡರು ಒಪ್ಪಿಕೊಂಡರೆ ನಾಳೆ ನನ್ನ ಕಡ್ಡಿಗೂ ಗಡುವು ಬರುತ್ತದೆ, ನನ್ನ ಹಾಡು ನಿಲ್ಲುತ್ತದೆ. ಓರಗಿತ್ತಿಯ ಮಾತಿಗೂ ಇದೇ ಉತ್ತರ. ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುವುದು ಕುಲಾವಿ. ನಾನು ಕಳೆದ ಹದಿನೈದು ಸಂಜೆಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇದು ಹೆಂಗಸರಿಗೆ ಮಾತ್ರ ಎಂಬ ಭಾವನೆಯನ್ನೂ ಬಿಡಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಮೇಜರ್ ಅಲೆಕ್ಸಿಸ್ ಕ್ಯಾಸ್‌ಡಾಗ್ಲಿ 1941ರಲ್ಲಿ ಒಂದು ಕಸೂತಿ ಮಾಡಿದರು. ಅದರ ಅಂಚಿನಲ್ಲಿ ಚುಕ್ಕೆ ಗೆರೆಗಳ ಮೋರ್ಸ್ ಸಂಕೇತದಲ್ಲಿ ಹಿಟ್ಲರನಿಗೆ ಬೈಗುಳ ಹೊಲಿದಿದ್ದರು. ಅರ್ಥವಾಗದ ಕಾವಲಿನವರು ಚೆನ್ನಾಗಿದೆಯೆಂದು ಅದನ್ನು ಪ್ರದರ್ಶನಕ್ಕೂ ಇಟ್ಟರಂತೆ! ಸೆರೆಯಲ್ಲಿದ್ದ ಸೈನಿಕನಿಗೆ ಸೂಜಿ ಅವಮಾನವಾಗಲಿಲ್ಲ. ನಿವೃತ್ತರಾಗಿ ಜಗಲಿಯಲ್ಲಿ ಪೇಪರನ್ನು ಮೂರನೆಯ ಸಲ ಓದುತ್ತ ಕುಳಿತಿರುವ ನಮ್ಮ ಗಂಡಸರಿಗೇಕೆ ಆಗಬೇಕು?

ಶಾಲೆಗಳ ಬಗೆಗೂ ಒಂದು ಮಾತು. ಗಾಂಧೀಜಿಯವರು 1937ರ ವಾರ್ಧಾ ಶಿಕ್ಷಣ ಯೋಜನೆಯಲ್ಲಿ ಕೈಕಸುಬನ್ನೇ ಕಲಿಕೆಯ ನಡುಗಂಬವಾಗಿಸಿದರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಬೇಕೆಂದಿತು. ನಾನು ಸೇವೆಗೆ ಸೇರಿದಾಗ ಕ್ರಾಫ್ಟ್ ಪೀರಿಯಡ್ ವೇಳಾಪಟ್ಟಿಯಲ್ಲಿತ್ತು. ಅದನ್ನು ಗಣಿತದ ವಿಶೇಷ ತರಗತಿಗೆಂದು ಬೇಡಿ ಪಡೆಯುತ್ತಿದ್ದವರಲ್ಲಿ ನಾನೇ ಮೊದಲಿಗಳು. ಫಲಿತಾಂಶದ ಚಿಂತೆ ನಮ್ಮದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಚೀಲರಹಿತ ಕಲಿಕೆಯನ್ನೂ, ಸ್ಥಳೀಯ ಕುಶಲಕರ್ಮಿಗಳಿಂದ ಕೈಕೆಲಸದ ಪರಿಚಯವನ್ನೂ ಸೂಚಿಸಿದೆ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಬಹಳ ಮಂದಿ ಇದ್ದೀರಿ. ಅದರಲ್ಲಿ ಎರಡು ದಿನವಾದರೂ ಸೂಜಿ, ಕಡ್ಡಿಗಳಿಗೆ ಕೊಡಿ. ಹುಡುಗರನ್ನೂ ಕೂರಿಸಿ. ಊರಿನ ಅಜ್ಜಿಯರನ್ನು ಕರೆಸಿ, ಬಂದವರಿಗೆ ಗೌರವಧನ ಕೊಡಿ. ಅಂಕ ಮಾತ್ರ ಕೊಡಬೇಡಿ!

ಆರಂಭಿಸಬೇಕೆನ್ನುವವರಿಗೆ ಅನುಭವದ ನಾಲ್ಕು ಮಾತು. ಮೊದಲಿಗೆ ತೆಳು ಬಿಳಿ ದಾರ ಬೇಡ, ಕುಣಿಕೆ ಕಣ್ಣಿಗೆ ಕಾಣುವಂಥ ತಿಳಿಬಣ್ಣದ ದಪ್ಪ ದಾರ, ಅದಕ್ಕೊಪ್ಪುವ ದಪ್ಪ ಕಡ್ಡಿ ತೆಗೆದುಕೊಳ್ಳಿ. ಕಸೂತಿಯಾದರೆ ಅಂಗಡಿಯಲ್ಲಿ ಸಿಗುವ ಲಡಿಯಲ್ಲಿ ಆರು ಎಳೆಗಳಿರುತ್ತವೆ, ಅದರಿಂದ ಎರಡು ಎಳೆಗಳನ್ನು ಮಾತ್ರ ಬಿಡಿಸಿ ಹೊಲಿಯಿರಿ. ಮೊಳಕೈಗಿಂತ ಉದ್ದ ದಾರ ಪೋಣಿಸಿದರೆ ಸಿಕ್ಕು ಖಂಡಿತ. ಹಗಲು ಬೆಳಕಿನಲ್ಲಿ, ಬೆನ್ನಿಗೆ ಆಸರೆಯಿಟ್ಟು ಕೂರಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಕತ್ತು ಆಡಿಸಿ. ಮಣಿಕಟ್ಟು ನೋಯತೊಡಗಿದರೆ ಅಂದಿಗೆ ಸಾಕು. ಸಾಧ್ಯವಾದರೆ ಒಬ್ಬರೇ ಕೂರಬೇಡಿ. ನಮ್ಮ ಬೀದಿಯಲ್ಲಿ ಈಗ ನಾವು ಐವರು ಭಾನುವಾರ ಸಂಜೆ ಒಂದು ಜಗಲಿಯಲ್ಲಿ ಸೇರುತ್ತೇವೆ. ಬೆಂಗಳೂರಿನ ರೈಲಿನಲ್ಲಿ ವಾರವೆಲ್ಲ ನಿಂತು ಓಡಾಡಿದ ನನ್ನ ಶಿಷ್ಯೆಯೂ ಬರುತ್ತಾಳೆ. ಅವಳೇ ನಮಗೆ ಗುರು. ನನ್ನ ಬಿಗಿ ಕುಣಿಕೆಗಳನ್ನು ಕಂಡು, “ಟೀಚರ್, ದಾರಕ್ಕೂ ಉಸಿರಾಡೋಕೆ ಬಿಡಿ” ಎನ್ನುತ್ತಾಳೆ.

ಅವಳ ಕಡ್ಡಿಯನ್ನು ಹಿಂದಿರುಗಿಸಲು ಹೋದಾಗ ತೆಗೆದುಕೊಳ್ಳಲಿಲ್ಲ. ಅರ್ಧಕ್ಕೆ ನಿಂತಿದ್ದ ಆ ಲೇಸನ್ನು ಮಾತ್ರ ಕೇಳಿ ಪಡೆದಳು. ಎರಡು ಭಾನುವಾರ ಕುಳಿತು ಅದನ್ನು ಮುಗಿಸಿದಳು. ಹಳೆಯ ದಾರ ಹಳದಿ, ಹೊಸ ದಾರ ಅಚ್ಚ ಬಿಳಿ. ಸೇರಿಸಿದ ಜಾಗ ಎದ್ದು ಕಾಣುತ್ತದೆ. ಅದನ್ನು ಅವರಮ್ಮನ ದಿಂಬಿನ ಗಲೀಫಿಗೆ ಹೊಲಿದಿದ್ದಾಳೆ. ಈ ಸಲ ಅದಕ್ಕೆ ಯಾರೂ ಗಜಕ್ಕೆ ಇಷ್ಟೆಂದು ಬೆಲೆ ಕಟ್ಟಲಿಲ್ಲ.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಅಮ್ಮನದೋ ಅಜ್ಜಿಯದೋ ಅರ್ಧಕ್ಕೆ ನಿಂತ ಕಸೂತಿಯೊಂದು ಇದ್ದರೂ ಇರಬಹುದು. ಒಮ್ಮೆ ಹುಡುಕಿ ನೋಡಿ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಗಣಿತದ ಟೀಚರ್